ಕೃತಕ ಕಾಲು, ಬ್ರೇಸ್ ಹಾಕಿ ನಡೆಯುವವರ ನಡಿಗೆ ಅಳೆಯುವುದು ಹೇಗೆ: ಟೇಪಿನಿಂದ ಲ್ಯಾಬಿನವರೆಗೆ

ಒಮ್ಮೆ ನನಗೆ ಚೆನ್ನಾಗಿ ಮುಖಭಂಗವಾಯಿತು. ಮಂಡಿ ಕೆಳಗೆ ಕೃತಕ ಕಾಲು ಹಾಕುವ ಒಬ್ಬರ ನಡಿಗೆ ಅಳೆದಿದ್ದೆ. ಪಾದದ ಕೋನ ಸ್ವಲ್ಪ ಬದಲಿಸಿ, ಮೂರು ವಾರ ಬಿಟ್ಟು ಮತ್ತೆ ಅಳೆದೆ. ವೇಗ ಜಾಸ್ತಿಯಾಗಿತ್ತು, ಎರಡೂ ಕಾಲಿನ ಹೆಜ್ಜೆ ಹೆಚ್ಚುಕಡಿಮೆ ಸಮ ಬಂದಿತ್ತು. ನಾನು ಖುಷಿಯಲ್ಲಿ ಗ್ರಾಫ್ ತೋರಿಸುತ್ತಿದ್ದರೆ ಅವರು ನಗುತ್ತಾ, "ಅವತ್ತು ಚಪ್ಪಲಿ ಹಾಕಿದ್ದೆ, ಇವತ್ತು ಶೂ ಹಾಕಿದ್ದೀನಿ, ಅದನ್ನೂ ಬರ್ಕೊಂಡ್ರಾ?" ಅಂದರು. ಬರೆದುಕೊಂಡಿರಲಿಲ್ಲ. ಕಾಲು ಸರಿಹೋಗಿದ್ದು ನನ್ನ ಕೈಚಳಕದಿಂದಲೋ ಶೂ ಹಿಮ್ಮಡಿಯಿಂದಲೋ ಅಂತ ಇವತ್ತಿಗೂ ಗೊತ್ತಿಲ್ಲ.

ಆ ದಿನದಿಂದ ನಾನು ಅಳೆಯುವ ರೀತಿಯೇ ಬದಲಾಯಿತು. ಇದು ಫಿಸಿಯೋಥೆರಪಿ, ಪ್ರಾಸ್ಥೆಟಿಕ್ಸ್ (ಕೃತಕ ಅಂಗ ಮಾಡಿ ಹೊಂದಿಸುವ ವಿದ್ಯೆ) ಕಲಿಯುತ್ತಿರುವವರಿಗೆ, ಈಗಾಗಲೇ ಆ ಕೆಲಸ ಮಾಡುತ್ತಿರುವವರಿಗೆ, ಮತ್ತೆ ತಮ್ಮ ನಡಿಗೆಯನ್ನು ತಾವೇ ಗಮನಿಸಿಕೊಳ್ಳಬೇಕು ಅನ್ನುವವರಿಗೆ ಬರೆದದ್ದು. ದುಬಾರಿ ಲ್ಯಾಬ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಒಂದು ಅಳತೆ ಟೇಪು, ಒಂದು ಫೋನು, ಒಂದಿಷ್ಟು ಬಣ್ಣದ ಟೇಪಿನಲ್ಲಿ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಮೊದಲು ಪ್ರಶ್ನೆ, ಆಮೇಲೆ ಟೇಪು

ಸುಮ್ನೆ "ನಡಿಗೆ ಹೇಗಿದೆ ನೋಡೋಣ" ಅಂತ ಶುರು ಮಾಡಬೇಡಿ. ಏನು ತಿಳಿಯಬೇಕು ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಹೊಸ ಪಾದ ಹಾಕಿದ ಮೇಲೆ ದೂರ ನಡೆಯಲು ಆಗುತ್ತಿದೆಯಾ? ಬೀಳುವ ಭಯ ಕಡಿಮೆ ಆಗಿದೆಯಾ? ಬ್ರೇಸ್, ಅಂದರೆ ಕಾಲಿಗೆ ಹೊರಗಿನಿಂದ ಕಟ್ಟುವ ಆಸರೆ, ಹಾಕಿದರೆ ಕಾಲ್ಬೆರಳು ನೆಲಕ್ಕೆ ತಾಗುವುದು ನಿಲ್ಲುತ್ತದಾ? ಒಂದೊಂದು ಪ್ರಶ್ನೆಗೂ ಬೇರೆ ಬೇರೆ ಅಳತೆ ಬೇಕು. ದೂರದ ಪ್ರಶ್ನೆಗೆ ಕೋನ ಅಳೆದು ಪ್ರಯೋಜನವಿಲ್ಲ, ಬೆರಳು ತಾಗುವ ಪ್ರಶ್ನೆಗೆ ಆರು ನಿಮಿಷ ನಡೆಸಿದರೆ ಉತ್ತರ ಸಿಗುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೃತಕ ಕಾಲಿನವರ ನಡಿಗೆಯನ್ನು ಎರಡೂ ಕಾಲು ಇರುವವರ ನಡಿಗೆಯ ಪಕ್ಕ ಇಟ್ಟು "ಇಷ್ಟು ಕೊರತೆ" ಅಂತ ಹೇಳುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಕೃತಕ ಕಾಲಿನ ತೂಕ ಬೇರೆ, ಕಣಕಾಲಿಗೆ ಸ್ನಾಯುವಿನ ಬಲವಿಲ್ಲ, ನೆಲ ಹೇಗಿದೆ ಅಂತ ಪಾದ ಹೇಳುವುದಿಲ್ಲ. ಅವರನ್ನು ಅವರ ಜೊತೆಗೇ ಹೋಲಿಸಿ: ಹಿಂದಿನ ತಿಂಗಳಿನ ಅವರು, ಇವತ್ತಿನ ಅವರು. ಬೇರೆಯವರ ಅಂಕಿ ದಾರಿ ಗೊತ್ತಾಗುವಷ್ಟಕ್ಕೆ ಸಾಕು.

ಗೊತ್ತಿರಬೇಕಾದ ನಾಲ್ಕು ಮಾತು

ಹೆಜ್ಜೆ ಬೇರೆ, ಜೋಡಿ ಹೆಜ್ಜೆ ಬೇರೆ. ಬಲ ಹಿಮ್ಮಡಿಯಿಂದ ಮುಂದಿನ ಎಡ ಹಿಮ್ಮಡಿಯವರೆಗಿನ ದೂರ ಎಡಗಾಲಿನ ಹೆಜ್ಜೆ. ಅದೇ ಕಾಲು ಮತ್ತೆ ನೆಲ ಮುಟ್ಟುವವರೆಗಿನದು ಜೋಡಿ ಹೆಜ್ಜೆ, ಅಂದರೆ ಒಂದು ಪೂರ್ತಿ ಸುತ್ತು. ಈ ಸುತ್ತಿನಲ್ಲಿ ಕಾಲು ಸುಮಾರು 60% ಹೊತ್ತು ನೆಲದ ಮೇಲಿರುತ್ತದೆ, 40% ಗಾಳಿಯಲ್ಲಿ. ನಡುವೆ ಎರಡು ಸಲ, ಸುಮಾರು 10% ರಂತೆ, ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುತ್ತವೆ. ಇದು ಆರಾಮಾಗಿ ನಡೆಯುವ ಆರೋಗ್ಯವಂತರ ಲೆಕ್ಕ. ನಿಧಾನವಾಗಿ ನಡೆದರೆ ಎರಡೂ ಪಾದ ಒಟ್ಟಿಗಿರುವ ಹೊತ್ತು ಯಾರಿಗಾದರೂ ಜಾಸ್ತಿಯಾಗುತ್ತದೆ, ಹಾಗಾಗಿ ಅದನ್ನು ನೋಡಿದ ಕೂಡಲೇ ದೋಷ ಅನ್ನಬೇಡಿ, ಮೊದಲು ವೇಗ ನೋಡಿ.

ನಿಮಿಷಕ್ಕೆ ಎಷ್ಟು ಹೆಜ್ಜೆ ಅನ್ನುವುದು ಲಯ, ಅಂದರೆ ಕೇಡೆನ್ಸ್. ಲಯವನ್ನು ಹೆಜ್ಜೆಯ ಉದ್ದದಿಂದ ಗುಣಿಸಿದರೆ ವೇಗ. ಯಾರಾದರೂ ವೇಗವಾದರು ಅಂದರೆ ಹೆಜ್ಜೆ ಉದ್ದವಾಯಿತೋ ಅಥವಾ ಚಿಕ್ಕ ಹೆಜ್ಜೆಯನ್ನೇ ಬೇಗ ಬೇಗ ಹಾಕಿದರೋ ಅಂತ ಕೇಳಲೇಬೇಕು, ಯಾಕೆಂದರೆ ಎರಡಕ್ಕೂ ಸ್ಟಾಪ್‌ವಾಚ್ ಒಂದೇ ಉತ್ತರ ಕೊಡುತ್ತದೆ.

ನಡೆಸುವ ಮುಂಚೆ

ನಾನು ಎಡವಿದ್ದು ಇಲ್ಲೇ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಶೂ ಯಾವುದು, ಹಿಮ್ಮಡಿ ಎಷ್ಟು ಎತ್ತರ ಅಂತ ಬರೆಯಿರಿ. ಕೃತಕ ಪಾದವನ್ನು ಒಂದು ನಿರ್ದಿಷ್ಟ ಹಿಮ್ಮಡಿ ಎತ್ತರಕ್ಕೆ ಹೊಂದಿಸಿರುತ್ತಾರೆ. ಅದಕ್ಕಿಂತ ಎತ್ತರದ ಹಿಮ್ಮಡಿ ಹಾಕಿದರೆ ಮಂಡಿ ಮುಂದಕ್ಕೆ ದೂಡಿದಂತಾಗುತ್ತದೆ, ತಗ್ಗಿನದು ಹಾಕಿದರೆ ಹಿಂದಕ್ಕೆ ಎಳೆದಂತಾಗುತ್ತದೆ. ಒಂದೆರಡು ಸೆಂಟಿಮೀಟರಿಗೇ ನಡಿಗೆ ಬದಲಾಗುವುದನ್ನು ನೋಡಿದ್ದೇನೆ.

ಸ್ಟಂಪ್, ಅಂದರೆ ಕಾಲು ಕತ್ತರಿಸಿದ ಮೇಲೆ ಉಳಿದ ಭಾಗದ ಮೇಲೆ ಎಷ್ಟು ಕಾಲುಚೀಲ ಹಾಕಿದ್ದಾರೆ, ಎಷ್ಟು ದಪ್ಪದ್ದು? ಸ್ಟಂಪಿನ ಗಾತ್ರ ಬೆಳಗಿನಿಂದ ಸಂಜೆಗೆ ಬದಲಾಗುತ್ತದೆ, ಎಷ್ಟೋ ಜನರಿಗೆ ಸಂಜೆಗೆ ಇಳಿಯುತ್ತದೆ. ಸಾಕೆಟ್, ಅಂದರೆ ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಬಟ್ಟಲು, ಸಡಿಲವಾದರೆ ಕಾಲು ಒಳಗೆ ಮೇಲೆ ಕೆಳಗೆ ಜಾರುತ್ತದೆ. ಆಗ ನೀವು ಅಳೆಯುವುದು ನಡಿಗೆಯನ್ನಲ್ಲ, ಸಡಿಲ ಸಾಕೆಟನ್ನು. ಬೆಳಗ್ಗೆ 10 ಗಂಟೆಗೆ ಅಳೆದಿದ್ದರೆ ಮುಂದಿನ ಸಲವೂ ಆ ಹೊತ್ತಿಗೇ ಕರೆಯಿರಿ.

ನಿಂತಾಗ ಸೊಂಟದ ಎರಡೂ ಬದಿಯ ಎಲುಬಿನ ಅಂಚಿನ ಮೇಲೆ ಕೈಯಿಟ್ಟು ಸಮ ಇದೆಯಾ ನೋಡಿ. ಇಲ್ಲದಿದ್ದರೆ ಪಾದದ ಕೆಳಗೆ ತೆಳು ಹಲಗೆ ಇಟ್ಟು ಎಷ್ಟು ವ್ಯತ್ಯಾಸ ಅಂತ ಕಂಡುಕೊಳ್ಳಿ. ಮಂಡಿ ಮೇಲಿನ ಕೃತಕ ಕಾಲನ್ನು ಬೇಕೆಂದೇ ಒಂದಿಷ್ಟು ಗಿಡ್ಡ ಮಾಡಿರುವುದುಂಟು, ಬೆರಳು ನೆಲಕ್ಕೆ ತಾಗದಿರಲಿ ಅಂತ. ಕೇಳದೆ ತಪ್ಪು ಅಂದುಬಿಡಬೇಡಿ.

ಸ್ಟಂಪಿನ ಚರ್ಮವನ್ನು ನಡೆಸುವ ಮುಂಚೆ ನೋಡಿ, ನಡೆಸಿದ ಮೇಲೂ ನೋಡಿ. ಕಾಲು ಬಿಚ್ಚಿ 10 ನಿಮಿಷ ಕಳೆದರೂ ಕೆಂಪು ಹೋಗದಿದ್ದರೆ ಅಲ್ಲಿ ಒತ್ತಡ ಜಾಸ್ತಿ ಬೀಳುತ್ತಿದೆ. ಗಾಯ ಇದ್ದರೆ ಅವತ್ತು ಅಳತೆ ಬೇಡ. ನೋವನ್ನು 0 ಯಿಂದ 10 ರೊಳಗೆ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ನೋವಿರುವವರ ನಡಿಗೆಯಲ್ಲಿ ಕಾಣುವ ವಾರೆಗಳಲ್ಲಿ, ಅಂದರೆ ಸಹಜವಲ್ಲದ ಚಲನೆಗಳಲ್ಲಿ, ಎಷ್ಟೋ ನೋವಿನದ್ದೇ.

ಸೊಂಟಕ್ಕೆ ಹಿಡಿಯಲು ಬೆಲ್ಟ್ ಕಟ್ಟಿ, ಒಬ್ಬರು ಅರ್ಧ ಹೆಜ್ಜೆ ಹಿಂದೆ, ಪಕ್ಕದಲ್ಲಿ ನಡೆಯಲಿ. ಅವರ ಸಮಸಮಕ್ಕೆ ನಡೆದರೆ ನಡೆಯುವವರು ನಿಮ್ಮ ವೇಗಕ್ಕೆ ಹೊಂದಿಕೊಂಡುಬಿಡುತ್ತಾರೆ, ತಮಗೇ ಗೊತ್ತಿಲ್ಲದಂತೆ. ಕೋಲು, ವಾಕರ್ ಯಾವುದು, ಯಾವ ಕೈಯಲ್ಲಿ ಅನ್ನುವುದನ್ನೂ ದಾಖಲಿಸಿ.

ಟೇಪು ಮತ್ತು ಗಡಿಯಾರ

ಶುರುವಿಗೆ 10 ಮೀಟರ್ ನಡಿಗೆ. ಒಟ್ಟು 14 ಮೀಟರ್ ಜಾಗ ಬೇಕು. ಮೊದಲ 2 ಮೀಟರ್ ವೇಗ ಹಿಡಿಯಲು, ಕೊನೆಯ 2 ಮೀಟರ್ ನಿಲ್ಲಲು, ನಡುವಿನ 10 ಮೀಟರಿಗೆ ಮಾತ್ರ ಗಡಿಯಾರ. ಮುಂದಿನ ಪಾದ ಗೆರೆ ದಾಟಿದಾಗ ಒತ್ತಿ, ಕೊನೆಯ ಗೆರೆ ದಾಟಿದಾಗ ನಿಲ್ಲಿಸಿ. ಮೂರು ಸಲ ನಡೆಸಿ ಸರಾಸರಿ ತೆಗೆಯಿರಿ. ಆರಾಮಿನ ವೇಗ ಒಂದು ಸಲ, "ಬಸ್ಸಿಗೆ ತಡವಾಗಿದೆ ಅಂದುಕೊಳ್ಳಿ, ಆದರೆ ಓಡಬೇಡಿ" ಅನ್ನುವ ವೇಗ ಇನ್ನೊಂದು ಸಲ. ಈ ಎರಡರ ನಡುವಿನ ಅಂತರ ತುಂಬ ಹೇಳುತ್ತದೆ. ಎರಡೂ ಒಂದೇ ಬಂದರೆ ಆ ಮನುಷ್ಯನಿಗೆ ವೇಗ ಬದಲಿಸುವ ಅವಕಾಶವೇ ಇಲ್ಲ, ಇರುವ ಒಂದೇ ಗೇರಿನಲ್ಲಿ ಓಡಿಸುತ್ತಿದ್ದಾರೆ ಅಂತ ಅರ್ಥ.

ಲೆಕ್ಕ ಹೀಗೆ. 10 ಮೀಟರಿಗೆ 12.5 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.8 ಮೀಟರ್. ಅದೇ 10 ಮೀಟರಿನಲ್ಲಿ 18 ಹೆಜ್ಜೆ ಎಣಿಸಿದ್ದರೆ ಸರಾಸರಿ ಹೆಜ್ಜೆ ಸುಮಾರು 56 ಸೆಂಟಿಮೀಟರ್, ಲಯ ನಿಮಿಷಕ್ಕೆ 86. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ ಸೆಕೆಂಡಿಗೆ 1.2 ರಿಂದ 1.4 ಮೀಟರ್ ನಡೆಯುತ್ತಾರೆ. 0.8 ದಾಟಿದವರು ಮನೆಯಾಚೆ ನಿರಾತಂಕವಾಗಿ ಓಡಾಡಬಲ್ಲರು, 0.4 ಕ್ಕಿಂತ ಕಡಿಮೆ ಇದ್ದರೆ ಓಡಾಟ ಮನೆಯೊಳಗೇ ಅಂತ ಒಂದು ಗೆರೆ ಬಳಕೆಯಲ್ಲಿದೆ. ಅದು ಬಂದದ್ದು ಪಾರ್ಶ್ವವಾಯು ಆದವರ ಅಧ್ಯಯನದಿಂದ, ಹಾಗಾಗಿ ಕೃತಕ ಕಾಲಿನವರಿಗೆ ಅದನ್ನು ಕಲ್ಲಿನ ಗೆರೆ ಮಾಡಬೇಡಿ.

ತ್ರಾಣಕ್ಕೆ 2 ನಿಮಿಷ ಅಥವಾ 6 ನಿಮಿಷದ ನಡಿಗೆ. 30 ಮೀಟರಿನ ಕಾರಿಡಾರ್, ಎರಡೂ ತುದಿಗೆ ಒಂದೊಂದು ಕೋನ್. ಎಷ್ಟು ದೂರ ಹೋದರು ಅನ್ನುವುದೇ ಅಳತೆ. ಕಾಲು ಹೊಸದಾಗಿ ಹಾಕಿಕೊಂಡವರಿಗೆ 2 ನಿಮಿಷವೇ ಸಾಕು, 6 ನಿಮಿಷ ಅಂದರೆ ಅವರಿಗೆ ಶಿಕ್ಷೆ. ನಡುವೆ "ಹುರ್ರೇ, ಇನ್ನೂ ಬೇಗ" ಅಂತ ಹುರಿದುಂಬಿಸಬೇಡಿ. ಹೇಳುವ ಮಾತು ಪ್ರತಿ ಸಲ ಒಂದೇ ಇರಬೇಕು.

ಕುರ್ಚಿಯಿಂದ ಎದ್ದು, 3 ಮೀಟರ್ ಹೋಗಿ, ತಿರುಗಿ, ಬಂದು ಕೂರುವ ಪರೀಕ್ಷೆಗೆ ಟಗ್ (ಟೈಮ್ಡ್ ಅಪ್ ಆ್ಯಂಡ್ ಗೋ) ಅನ್ನುತ್ತಾರೆ. ಇದು 1991 ರಿಂದ ಬಳಕೆಯಲ್ಲಿದೆ. ಒಂದು ಕಾಲನ್ನು ಮಂಡಿ ಕೆಳಗೆ ಕಳೆದುಕೊಂಡವರಲ್ಲಿ 19 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಪದೇ ಪದೇ ಬೀಳುವ ಸಾಧ್ಯತೆ ಹೆಚ್ಚು ಅಂತ 2007 ರ ಒಂದು ಅಧ್ಯಯನ ತೋರಿಸಿದೆ. ಚುರುಕಾಗಿರುವವರಿಗೆ ಟಗ್ ತೀರಾ ಸುಲಭ. ಅವರಿಗೆ ಎಲ್ ಆಕಾರದ ದಾರಿಯಲ್ಲಿ ಒಟ್ಟು 20 ಮೀಟರ್ ನಡೆಸುವ ಎಲ್ ಟೆಸ್ಟ್ ಒಳ್ಳೆಯದು, ಅದರಲ್ಲಿ ಎಡಕ್ಕೂ ಬಲಕ್ಕೂ ತಿರುಗಬೇಕು. ಕೃತಕ ಕಾಲಿನ ಕಡೆಗೆ ತಿರುಗುವಾಗ ಎಷ್ಟು ಜನ ತಡವರಿಸುತ್ತಾರೆ ಅಂತ ಆಗ ಗೊತ್ತಾಗುತ್ತದೆ.

ಈ ಅಂಕಿಗಳಲ್ಲಿ ಏರುಪೇರು ಇದ್ದೇ ಇರುತ್ತದೆ. ಏನೂ ಬದಲಾಗದಿದ್ದರೂ ಇವತ್ತಿನ ಅಂಕಿ ನಾಳೆ ಬರುವುದಿಲ್ಲ. ಕಾಲು ಕಳೆದುಕೊಂಡವರ ಮೇಲೆ ನಡೆದ 2011 ರ ಅಧ್ಯಯನವೊಂದರ ಪ್ರಕಾರ, 2 ನಿಮಿಷದ ನಡಿಗೆಯಲ್ಲಿ ಸುಮಾರು 34 ಮೀಟರ್, 6 ನಿಮಿಷದ್ದರಲ್ಲಿ ಸುಮಾರು 45 ಮೀಟರ್, ಟಗ್‌ನಲ್ಲಿ 3.6 ಸೆಕೆಂಡ್ ಬದಲಾದರೆ ಮಾತ್ರ ಅದು ನಿಜವಾದ ಬದಲಾವಣೆ ಅಂತ ಧೈರ್ಯವಾಗಿ ಹೇಳಬಹುದು. ಟಗ್ ಒಂದು ಸೆಕೆಂಡ್ ಕಡಿಮೆಯಾಯಿತು ಅಂತ ಕುಣಿಯುವ ಮೊದಲು ಇದು ನೆನಪಿರಲಿ.

ಫೋನ್ ಕ್ಯಾಮೆರಾ

ಟ್ರೈಪಾಡ್ ಬೇಕು, ಕೈಯಲ್ಲಿ ಹಿಡಿದದ್ದು ನಡೆಯುವುದಿಲ್ಲ. ನಡೆಯುವ ದಾರಿಗೆ ನೇರ ಅಡ್ಡಲಾಗಿ, ಸೊಂಟದ ಎತ್ತರಕ್ಕೆ, 4 ಮೀಟರ್ ಆದರೂ ದೂರ ಇಡಿ. ಹತ್ತಿರ ಇಟ್ಟು ಅಗಲ ಲೆನ್ಸ್ ಬಳಸಿದರೆ ಚಿತ್ರದ ಅಂಚಿನಲ್ಲಿ ಕೋನಗಳೆಲ್ಲ ಸೊಟ್ಟಗಾಗುತ್ತವೆ. ಅಳೆಯುವುದೇನಿದ್ದರೂ ಚಿತ್ರದ ನಡುವೆ ಬಂದ ಒಂದೆರಡು ಹೆಜ್ಜೆಯನ್ನು ಮಾತ್ರ. ಎರಡೂ ಬದಿಯಿಂದ, ಮುಂದಿನಿಂದ, ಹಿಂದಿನಿಂದ, ಹೀಗೆ ನಾಲ್ಕು ನೋಟ ಬೇಕು. ಸೊಂಟ ವಾಲುವುದು, ಪಾದ ಸುತ್ತು ಹಾಕುವುದು ಪಕ್ಕದಿಂದ ಕಾಣುವುದೇ ಇಲ್ಲ. ಚಡ್ಡಿ ಹಾಕಿಸಿ, ಸಡಿಲ ಪ್ಯಾಂಟು ಎಲ್ಲವನ್ನೂ ಮುಚ್ಚುತ್ತದೆ.

ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು ತುಂಬ ಮುಖ್ಯ, ಜನ ಇದನ್ನು ಕಡೆಗಣಿಸುತ್ತಾರೆ. 30 ಚಿತ್ರದ ಸಾಮಾನ್ಯ ವಿಡಿಯೊದಲ್ಲಿ ಒಂದೊಂದು ಚಿತ್ರದ ನಡುವೆ 33 ಮಿಲಿಸೆಕೆಂಡ್ ಅಂತರ. ಮೇಲೆ ಹೇಳಿದ ಲಯದವರನ್ನೇ ತೆಗೆದುಕೊಳ್ಳಿ. ಕೃತಕ ಕಾಲು ನೆಲದ ಮೇಲೆ 0.82 ಸೆಕೆಂಡ್, ಒಳ್ಳೆಯ ಕಾಲು 0.94 ಸೆಕೆಂಡ್ ಇತ್ತು ಅನ್ನೋಣ. ವ್ಯತ್ಯಾಸ 0.12, ಅಂದರೆ ನಾಲ್ಕು ಚಿತ್ರವೂ ಪೂರ್ತಿ ಇಲ್ಲ. ಪಾದ ಮುಟ್ಟಿದ್ದು, ಎತ್ತಿದ್ದು ಗುರುತಿಸುವಾಗ ಒಂದೊಂದು ಚಿತ್ರ ಆಚೀಚೆ ಆದರೂ ನಿಮ್ಮ ವ್ಯತ್ಯಾಸದ ಅರ್ಧ ಹೊರಟುಹೋಯಿತು. ಫೋನಿನ ನಿಧಾನ ಚಲನೆಯಲ್ಲಿ, 240 ಚಿತ್ರಕ್ಕೆ ಇಟ್ಟರೆ ಅದೇ ವ್ಯತ್ಯಾಸ 29 ಚಿತ್ರಗಳಷ್ಟಾಗುತ್ತದೆ. ಬೆಳಕು ಮಾತ್ರ ಚೆನ್ನಾಗಿರಬೇಕು, ಇಲ್ಲದಿದ್ದರೆ ಎಲ್ಲ ಮಸುಕು. ಆಮೇಲೆ ಕಿನೋವಿಯಾದಂತಹ ಉಚಿತ ತಂತ್ರಾಂಶದಲ್ಲಿ ಚಿತ್ರ ಚಿತ್ರವಾಗಿ ಸರಿಸಿ ನೋಡಿ, ಕೋನ ಎಳೆಯಿರಿ.

ಹೆಜ್ಜೆಯ ಉದ್ದ ಅಳೆಯಲು ವಿಡಿಯೊಗಿಂತ ನನಗೆ ಹಳೇ ಕಾಗದದ ಉಪಾಯವೇ ಇಷ್ಟ. ಉದ್ದ ಕಾಗದದ ಸುರುಳಿ ಹಾಸಿ, ಶೂ ಹಿಮ್ಮಡಿಗೆ ಎರಡು ಬಣ್ಣದ ಇಂಕು ಹಚ್ಚಿ ನಡೆಸಿ. ಹಿಮ್ಮಡಿಯಿಂದ ಹಿಮ್ಮಡಿಗೆ ಟೇಪು ಹಿಡಿಯಿರಿ. ಪಾದಗಳ ನಡುವಿನ ಅಗಲವೂ ಅಲ್ಲೇ ಸಿಗುತ್ತದೆ. ಕಾಲು ಅಗಲಿಸಿ ನಡೆಯುವವರಿಗೆ ಸಮತೋಲನದ ಭಯ ಇರಬಹುದು, ಸಾಕೆಟಿನ ಒಳ ಅಂಚು ತೊಡೆಸಂದಿಗೆ ಒತ್ತುತ್ತಿರಲೂಬಹುದು.

ಚಿಕ್ಕ ಹೆಜ್ಜೆ ಯಾವ ಕಾಲಿನದ್ದು?

ಹೊಸಬರು ಪ್ರತಿ ಸಲ ಎಡವುವ ಜಾಗ ಇದು. ಒಳ್ಳೆಯ ಕಾಲಿನ ಹೆಜ್ಜೆ ಚಿಕ್ಕದಾಗಿ ಕಂಡರೆ ಒಳ್ಳೆಯ ಕಾಲಿನಲ್ಲಿ ತೊಂದರೆ ಹುಡುಕುತ್ತಾರೆ. ಒಂದು ನಿಮಿಷ ಯೋಚಿಸಿ. ಒಳ್ಳೆಯ ಕಾಲು ಮುಂದೆ ಹೋಗುವಾಗ ಮೈಭಾರವೆಲ್ಲ ಎಲ್ಲಿರುತ್ತದೆ? ಕೃತಕ ಕಾಲಿನ ಮೇಲೆ. ಅದರ ಮೇಲೆ ನಿಲ್ಲಲು ಧೈರ್ಯ ಇಲ್ಲ, ಅಥವಾ ನೋವು, ಅಥವಾ ಪಾದದ ಮುಂಭಾಗ ಬೇಗ ಕುಸಿಯುತ್ತದೆ. ಹಾಗಾಗಿ ಒಳ್ಳೆಯ ಕಾಲು ಅವಸರದಲ್ಲಿ ಬಂದು ನೆಲ ಹಿಡಿಯುತ್ತದೆ. ಹೆಜ್ಜೆ ಚಿಕ್ಕದಾದದ್ದು ಇಲ್ಲಿ, ಕಾರಣ ಇರುವುದು ಅಲ್ಲಿ. ಒಂದು ಕಾಲು ಕಳೆದುಕೊಂಡವರಲ್ಲಿ ಕೃತಕ ಕಾಲು ನೆಲದ ಮೇಲೆ ಕಡಿಮೆ ಹೊತ್ತು ಇರುವುದು, ಒಳ್ಳೆಯ ಕಾಲು ಜಾಸ್ತಿ ಹೊತ್ತು ಇರುವುದು ಬಹಳ ಸಾಮಾನ್ಯ.

ಎರಡರ ಅಸಮತೆಯನ್ನು ಒಂದೇ ಅಂಕಿಯಲ್ಲಿ ಹೇಳಬೇಕೆಂದರೆ ವ್ಯತ್ಯಾಸವನ್ನು ಎರಡರ ಸರಾಸರಿಯಿಂದ ಭಾಗಿಸಿ 100 ರಿಂದ ಗುಣಿಸಿ. ಮೇಲಿನ ಉದಾಹರಣೆಯಲ್ಲಿ 0.12 ಭಾಗಿಸು 0.88, ಅಂದರೆ ಸುಮಾರು 14%. ಸೊನ್ನೆ ಬಂದರೆ ಎರಡೂ ಸಮ. ಆದರೆ ಸೊನ್ನೆಯೇ ಗುರಿ ಅಂತ ನಾನು ಒಪ್ಪುವುದಿಲ್ಲ. ಎರಡು ಬದಿಯ ಅಂಗವೇ ಬೇರೆ ಬೇರೆ ಇರುವಾಗ ಒಂದಿಷ್ಟು ಅಸಮತೆ ಜಾಣತನದ ಹೊಂದಾಣಿಕೆ ಇರಬಹುದು. ಬಲವಂತವಾಗಿ ಸಮ ಮಾಡಿಸಿದರೆ ಸುಸ್ತು ಹೆಚ್ಚಾಗಬಹುದು. ಹಾಗಂತ ಬಿಟ್ಟೇಬಿಡುವುದೂ ಸರಿಯಲ್ಲ, ಒಳ್ಳೆಯ ಕಾಲಿನ ಮಂಡಿಯ ಮೇಲೆ ವರ್ಷಗಟ್ಟಲೆ ಜಾಸ್ತಿ ಭಾರ ಬಿದ್ದರೆ ಅಲ್ಲಿ ಸವೆತ ಶುರುವಾಗುವ ಅಪಾಯ ಇದೆ. ಇನ್ನು ಎರಡೂ ಕಾಲು ಕೃತಕವಾಗಿದ್ದರೆ ಈ ಲೆಕ್ಕವನ್ನೇ ಬದಿಗಿಡಿ. ಎರಡೂ ಸಮವಾಗಿ ಕೆಟ್ಟಿದ್ದರೂ ಅಂಕಿ ಚೆನ್ನಾಗೇ ಬರುತ್ತದೆ!

ಕಣ್ಣಿಗೆ ಬೀಳುವ ವಾರೆಗಳು

ವಿಡಿಯೊ ನೋಡುವಾಗ ಎಲ್ಲವನ್ನೂ ಒಟ್ಟಿಗೆ ನೋಡಲು ಹೋಗಬೇಡಿ. ಒಂದು ಸಲ ಪಾದ ಮಾತ್ರ, ಇನ್ನೊಂದು ಸಲ ಮಂಡಿ, ಆಮೇಲೆ ಸೊಂಟ, ಕೊನೆಗೆ ಮುಂಡ ಮತ್ತು ಕೈ. ಕೈ ಕಳೆದುಕೊಂಡವರಲ್ಲೂ ನಡಿಗೆ ಬದಲಾಗುತ್ತದೆ, ಕೈ ಬೀಸುವುದು ಮೈ ತಿರುಗುವುದನ್ನು ಸರಿದೂಗಿಸುತ್ತದೆ ಅಲ್ವಾ.

ಮಂಡಿ ಮೇಲಿನ ಕಾಲಿನವರಲ್ಲಿ, ಒಳ್ಳೆಯ ಕಾಲಿನ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನೆಗೆದಂತೆ ನಡೆಯುವುದು ಕಾಣಬಹುದು. ಕೃತಕ ಕಾಲು ನೆಲಕ್ಕೆ ತಾಗದೆ ಮುಂದೆ ಬರಲಿ ಅಂತ ಜಾಗ ಮಾಡಿಕೊಡುತ್ತಿದ್ದಾರೆ. ಕಾಲು ಉದ್ದ ಇರಬಹುದು, ಸಾಕೆಟ್ ಕೆಳಗೆ ಜಾರುತ್ತಿರಬಹುದು, ಮಂಡಿ ಸರಿಯಾಗಿ ಮಡಚದಿರಬಹುದು, ಅಥವಾ ಮಂಡಿ ಮಡಚಲು ಅವರಿಗೇ ನಂಬಿಕೆ ಇಲ್ಲದಿರಬಹುದು. ಕಾಲನ್ನು ಅರ್ಧಚಂದ್ರದಂತೆ ಹೊರಗಿಂದ ಸುತ್ತಿಸಿ ತರುವುದಕ್ಕೂ ಹೆಚ್ಚುಕಡಿಮೆ ಇವೇ ಕಾರಣ. ಮುಂಡವನ್ನು ಕೃತಕ ಕಾಲಿನ ಕಡೆ ವಾಲಿಸುವುದಕ್ಕೆ ಕಾಲು ಗಿಡ್ಡ ಇರುವುದು, ಸೊಂಟದ ಪಕ್ಕದ ಸ್ನಾಯು ಸೋತಿರುವುದು, ಸಾಕೆಟಿನ ಹೊರಗೋಡೆ ಆಸರೆ ಕೊಡದಿರುವುದು, ತೊಡೆಸಂದಿಯ ನೋವು, ಯಾವುದೂ ಕಾರಣ ಆಗಬಹುದು.

ಮಂಡಿ ಕೆಳಗಿನ ಕಾಲಿನವರಲ್ಲಿ ಹಿಮ್ಮಡಿ ನೆಲ ಮುಟ್ಟಿದ ಕೂಡಲೇ ಮಂಡಿ ಜರ್ರನೆ ಮಡಚಿದರೆ ಹಿಮ್ಮಡಿ ಗಟ್ಟಿಯಾಗಿದೆಯಾ, ಪಾದ ತೀರಾ ಹಿಂದೆ ಇದೆಯಾ ನೋಡಿ. ಮಂಡಿ ಹೊರಕ್ಕೆ ಜೋಲಿ ಹೊಡೆದರೆ ಪಾದ ತೀರಾ ಒಳಗೆ ಕೂತಿದೆಯಾ ನೋಡಿ. ಒಂದು ವಾರೆಗೆ ಒಂದೇ ಕಾರಣ ಅಂತ ಯಾವತ್ತೂ ತೀರ್ಮಾನಿಸಬೇಡಿ. ಒಂದು ಬದಲಾವಣೆ ಮಾಡಿ, ಮತ್ತೆ ನಡೆಸಿ, ಮತ್ತೆ ನೋಡಿ. ಎರಡು ಸ್ಕ್ರೂ ಒಟ್ಟಿಗೆ ತಿರುಗಿಸಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೇ ಗೊತ್ತು.

ನಡಿಗೆ ಅಳೆಯುವ ಈ ಇಡೀ ವಿದ್ಯೆಗೆ ದೊಡ್ಡ ತಳ್ಳು ಸಿಕ್ಕಿದ್ದೇ ಕೃತಕ ಕಾಲಿನ ಕೆಲಸದಿಂದ. ಎರಡನೇ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕರಿಗಾಗಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯ ವರ್ನ್ ಇನ್ಮನ್, ಎಂಜಿನಿಯರ್ ಹೊವರ್ಡ್ ಎಬರ್‌ಹಾರ್ಟ್ ಸೇರಿ ಕೆಲಸ ಮಾಡಿದರು. ಎಬರ್‌ಹಾರ್ಟ್ ಅವರೇ ಒಂದು ಅಪಘಾತದಲ್ಲಿ ಕಾಲು ಕಳೆದುಕೊಂಡವರು. ನಡಿಗೆಯನ್ನು ನಿರ್ಧರಿಸುವ ಆರು ಅಂಶಗಳು ಅಂತ ಅವರಿಬ್ಬರು ಸಾಂಡರ್ಸ್ ಎಂಬ ಇನ್ನೊಬ್ಬರ ಜೊತೆ 1953 ರಲ್ಲಿ ಬರೆದದ್ದನ್ನು ಆಮೇಲಿನವರು ಸಾಕಷ್ಟು ಪ್ರಶ್ನಿಸಿದರು, ಆದರೂ ಪಾಠ ಶುರುವಾಗುವುದು ಈಗಲೂ ಅಲ್ಲಿಂದಲೇ.

ಬ್ರೇಸ್ ಹಾಕಿದವರಿಗೆ ಬೇರೆ ಲೆಕ್ಕ

ಎಎಫ್‌ಒ, ಅಂದರೆ ಕಣಕಾಲಿನ ಬ್ರೇಸ್ ಹಾಕಿದವರನ್ನು ಅಳೆಯುವಾಗ ಅತಿ ಸಾಮಾನ್ಯ ತಪ್ಪು ಯಾವುದು ಗೊತ್ತಾ? ಬರಿಗಾಲಿನ ನಡಿಗೆಯನ್ನು ಶೂ ಮತ್ತು ಬ್ರೇಸ್ ಎರಡೂ ಹಾಕಿದ ನಡಿಗೆಗೆ ಹೋಲಿಸುವುದು. ಶೂ ಒಂದೇ ನಡಿಗೆಯನ್ನು ಬದಲಿಸುತ್ತದೆ. ಹಾಗಾಗಿ ಹೋಲಿಕೆ ಅದೇ ಶೂ ಜೊತೆ, ಬ್ರೇಸ್ ಇಲ್ಲದೆ ಒಮ್ಮೆ, ಇದ್ದು ಒಮ್ಮೆ. ಬ್ರೇಸ್ ತೆಗೆದಾಗ ಆ ಶೂ ಸಡಿಲವಾಗುತ್ತದೆ, ದಪ್ಪ ಕಾಲುಚೀಲ ಹಾಕಿ. ಬ್ರೇಸ್ ಇಲ್ಲದೆ ನಡೆಯುವುದು ಅಪಾಯ ಅನ್ನಿಸಿದರೆ ಆ ಅಳತೆ ಬಿಟ್ಟುಬಿಡಿ.

ಸುಸ್ತಿನ ಆಟ ಇನ್ನೊಂದು. ಯಾವಾಗಲೂ ಬ್ರೇಸ್ ಇಲ್ಲದ್ದನ್ನು ಮೊದಲು, ಇರುವುದನ್ನು ಆಮೇಲೆ ಅಳೆದರೆ ಎರಡನೆಯದಕ್ಕೆ ಬರುವ ಹೊತ್ತಿಗೆ ಅವರು ದಣಿದಿರುತ್ತಾರೆ. ಇಲ್ಲದೆ, ಇದ್ದು, ಇದ್ದು, ಇಲ್ಲದೆ ಅಂತ ನಾಲ್ಕು ಸಲ ನಡೆಸಿ, ನಡುವೆ ಕೂರಿಸಿ. ಎರಡೆರಡರ ಸರಾಸರಿ ತೆಗೆದರೆ ಸುಸ್ತು ಎರಡೂ ಕಡೆ ಹಂಚಿಹೋಗುತ್ತದೆ.

ಪಾದ ಎತ್ತಲಾಗದವರಲ್ಲಿ ನೋಡಬೇಕಾದ್ದು ಮೂರು: ನೆಲಕ್ಕೆ ಮೊದಲು ತಾಗಿದ್ದು ಹಿಮ್ಮಡಿಯೋ ಬೆರಳೋ, ಪಾದ ಪಟ್ಟನೆ ಬಡಿಯುತ್ತದಾ, ಬೆರಳು ತಾಗದಿರಲಿ ಅಂತ ಮಂಡಿಯನ್ನು ಮೆಟ್ಟಿಲು ಹತ್ತುವಂತೆ ಎತ್ತುತ್ತಾರಾ. ಆಡದ ಗಟ್ಟಿ ಎಎಫ್‌ಒ ಇದ್ದರೆ ನಾಲ್ಕನೆಯದೂ ಒಂದಿದೆ, ಮುಂಗಾಲಿನ (ಮಂಡಿಯಿಂದ ಕಣಕಾಲಿನವರೆಗಿನ ಭಾಗದ) ವಾಲು. ಮುಂಗಾಲಿನ ಎಲುಬಿನ ಉದ್ದಕ್ಕೂ ಬಣ್ಣದ ಟೇಪು ಅಂಟಿಸಿ. ಪಕ್ಕದ ವಿಡಿಯೊದಲ್ಲಿ ಇನ್ನೊಂದು ಕಾಲು ಪಕ್ಕದಿಂದ ಹಾದುಹೋಗುವ ಕ್ಷಣ ನಿಲ್ಲಿಸಿ, ಆ ಟೇಪು ನೆಟ್ಟಗಿನ ಗೆರೆಯಿಂದ ಎಷ್ಟು ಡಿಗ್ರಿ ಮುಂದೆ ವಾಲಿದೆ ಅಂತ ಅಳೆಯಿರಿ. 10 ರಿಂದ 12 ಡಿಗ್ರಿ ಮುಂದಕ್ಕೆ ವಾಲುವುದನ್ನು ಸಾಮಾನ್ಯವಾಗಿ ಆರಂಭದ ಗುರಿಯಾಗಿ ಇಟ್ಟುಕೊಳ್ಳುತ್ತಾರೆ. ಹಿಮ್ಮಡಿ ಕೆಳಗೆ ಕೆಲವೇ ಮಿಲಿಮೀಟರ್ ತುಂಡು ಇಟ್ಟರೆ ಈ ಕೋನ ಬದಲಾಗುತ್ತದೆ, ಅದರ ಜೊತೆ ಮಂಡಿಯ ವರ್ತನೆಯೂ. ಬ್ರೇಸ್ ಕೆಟ್ಟದ್ದು ಅಂತ ಮೂಲೆಗೆಸೆದದ್ದು ಎಷ್ಟೋ ಸಲ ಈ ತುಂಡು ಇಲ್ಲದ್ದಕ್ಕೇ.

ಮಂಡಿ ಲಾಕ್ ಆಗುವ ಉದ್ದ ಬ್ರೇಸ್, ಕೆಎಎಫ್‌ಒ ಹಾಕಿದವರು ಸೊಂಟ ಎತ್ತಿ ಕಾಲು ತರುವುದು ಸಹಜ, ಮಂಡಿ ಮಡಚದಿದ್ದರೆ ಬೇರೆ ದಾರಿ ಇಲ್ಲ. ಅದನ್ನು ದೋಷ ಅಂತ ಎಣಿಸದೆ ಎಷ್ಟು ಎತ್ತುತ್ತಾರೆ ಅಂತ ಮಾತ್ರ ಗಮನಿಸಿ.

ಸೆನ್ಸರ್, ಲ್ಯಾಬ್

ಮೈಗೆ ಕಟ್ಟುವ ಸಣ್ಣ ಸೆನ್ಸರ್‌ಗಳು ಈಗ ಸುಲಭವಾಗಿ ಸಿಗುತ್ತವೆ. ತೊಂದರೆ ಏನೆಂದರೆ ಅವುಗಳ ಒಳಗಿನ ಲೆಕ್ಕಾಚಾರವನ್ನು ಹೆಚ್ಚಾಗಿ ಆರೋಗ್ಯವಂತರ ನಡಿಗೆಯ ಮೇಲೆ ಕಲಿಸಿರುತ್ತಾರೆ. ನಿಧಾನ ನಡಿಗೆ, ಮೆದು ಹೆಜ್ಜೆ ಅವಕ್ಕೆ ಕಾಣುವುದಿಲ್ಲ. ಫೋನಿನ ಹೆಜ್ಜೆ ಎಣಿಕೆಯಂತೂ ನಿಧಾನ ನಡೆಯುವವರಿಗೆ ಮೋಸ ಮಾಡುತ್ತದೆ. ನಂಬುವ ಮುಂಚೆ 100 ಹೆಜ್ಜೆ ನಡೆಸಿ, ಕೈಯಲ್ಲಿ ಎಣಿಸಿ, ಸೆನ್ಸರ್ ಎಷ್ಟು ಹೇಳಿತು ಹೋಲಿಸಿ. ಸೆನ್ಸರನ್ನು ಕೃತಕ ಕಾಲಿನ ಕಂಬಕ್ಕೆ ಗಟ್ಟಿಯಾಗಿ ಕಟ್ಟಿ, ಇಲ್ಲದಿದ್ದರೆ ನಡುಕವೆಲ್ಲ ಹೆಜ್ಜೆ ಅಂತ ಎಣಿಸುತ್ತದೆ. ಒಂದು ದಿನದ ಎಣಿಕೆ ಬೇಡ, ಒಂದು ವಾರ ಕಟ್ಟಿಸಿ. ಕ್ಲಿನಿಕ್ಕಿನಲ್ಲಿ ಚೆನ್ನಾಗಿ ನಡೆದವರು ಮನೆಯಲ್ಲಿ ಕಾಲನ್ನು ಮೂಲೆಯಲ್ಲಿ ನಿಲ್ಲಿಸಿರುವುದು ಆಗ ಗೊತ್ತಾಗುತ್ತದೆ.

ವಿಕಾನ್, ಕ್ವಾಲಿಸಿಸ್ ತರಹದ ಕ್ಯಾಮೆರಾ ವ್ಯವಸ್ಥೆ ಇರುವ ಲ್ಯಾಬಿನಲ್ಲಿ ಮಾರ್ಕರ್, ಅಂದರೆ ಕ್ಯಾಮೆರಾ ಹಿಂಬಾಲಿಸುವ ಸಣ್ಣ ಗುರುತು, ಎಲ್ಲಿ ಅಂಟಿಸುವುದು ಅನ್ನುವುದೇ ದೊಡ್ಡ ಪ್ರಶ್ನೆ. ಕೃತಕ ಕಾಲಿನಲ್ಲಿ ಎಲುಬಿನ ಗುರುತುಗಳಿಲ್ಲ. ಕೃತಕ ಮಂಡಿ ಇದ್ದರೆ ಅದು ತಿರುಗುವ ಅಕ್ಷಕ್ಕೆ ಅಂಟಿಸಿ, ಕಣಕಾಲಿಗೆ ಒಳ್ಳೆಯ ಕಾಲಿನ ಗಂಟಿನ ಎತ್ತರವನ್ನೇ ಅಳೆದು ಇಡಿ. ಫೋಟೊ ತೆಗೆದಿಡಿ, ಮುಂದಿನ ಸಲ ಅದೇ ಜಾಗಕ್ಕೆ ಬೇಕು. ಕಾರ್ಬನ್ ಪಾದಕ್ಕೆ ಕೀಲೇ ಇಲ್ಲ, ಇಡೀ ಪಟ್ಟಿ ಬಾಗುತ್ತದೆ. ಹಾಗಾಗಿ ಕಂಪ್ಯೂಟರ್ ಕೊಡುವ "ಕಣಕಾಲಿನ ಕೋನ" ಒಂದು ಅಂದಾಜು ಅಷ್ಟೇ. ಜೊತೆಗೆ ತಂತ್ರಾಂಶ ಕಾಲಿನ ತೂಕವನ್ನು ರಕ್ತಮಾಂಸದ ಕಾಲಿನ ಲೆಕ್ಕದಲ್ಲಿ ಹಿಡಿಯುತ್ತದೆ, ಕೃತಕ ಕಾಲು ಅದಕ್ಕಿಂತ ಹಗುರ. ಕಾಲನ್ನು ತೂಗಿ ಆ ಅಂಕಿ ಹಾಕಿ. ಸಾಕೆಟಿನೊಳಗೆ ಎಲುಬು ಎಷ್ಟು ಅಲ್ಲಾಡುತ್ತಿದೆ ಅನ್ನುವುದು ಯಾವ ಮಾರ್ಕರಿಗೂ ಕಾಣುವುದಿಲ್ಲ.

ನೆಲದಲ್ಲಿ ಹೂತಿಟ್ಟ ಬಲ ಅಳೆಯುವ ಫಲಕದ ಮೇಲೆ ಕಾಲಿಡಿ ಅಂತ ಹೇಳಲೇಬೇಡಿ. ಹೇಳಿದರೆ ಅದಕ್ಕೆ ಗುರಿಯಿಟ್ಟು ಹೆಜ್ಜೆ ಬದಲಿಸುತ್ತಾರೆ. ಎದುರಿನ ಗೋಡೆ ನೋಡಿ ನಡೆಯಲು ಹೇಳಿ, ಶುರುವಿನ ಜಾಗವನ್ನು ನೀವೇ ಹಿಂದೆ ಮುಂದೆ ಸರಿಸಿ. ಟ್ರೆಡ್‌ಮಿಲ್ ಮೇಲೆ ಕಂಬಿ ಹಿಡಿದು ನಡೆದದ್ದನ್ನು ನೆಲದ ನಡಿಗೆಯ ಜೊತೆ ಸೇರಿಸಬೇಡಿ, ಅವು ಬೇರೆ ಬೇರೆ.

ಎಷ್ಟು ದಣಿವು?

ಆಮ್ಲಜನಕ ಅಳೆಯುವ ಯಂತ್ರ ಇಲ್ಲದಿದ್ದರೂ ನಾಡಿಯಿಂದ ಒಂದು ಅಂದಾಜು ಸಿಗುತ್ತದೆ. ಕೂತಾಗಿನ ನಾಡಿ 78, ಕನಿಷ್ಠ ನಾಲ್ಕೈದು ನಿಮಿಷ ಒಂದೇ ವೇಗದಲ್ಲಿ ನಡೆದ ಮೇಲೆ 114, ವೇಗ ನಿಮಿಷಕ್ಕೆ 48 ಮೀಟರ್ ಅನ್ನಿ. 36 ನ್ನು 48 ರಿಂದ ಭಾಗಿಸಿದರೆ 0.75, ಅಂದರೆ ಒಂದೊಂದು ಮೀಟರಿಗೆ ಮುಕ್ಕಾಲು ಬಡಿತ ಜಾಸ್ತಿ ಖರ್ಚು. ಹೊಸ ಪಾದದಲ್ಲಿ ಇದು ಇಳಿದರೆ ಒಳ್ಳೆಯ ಸುದ್ದಿ. ನಾಡಿ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಲೆಕ್ಕ ಕೆಲಸ ಮಾಡುವುದಿಲ್ಲ, ಮೊದಲೇ ಕೇಳಿ.

ಬರೆದಿಡುವುದು, ಮತ್ತೆ ಅಳೆಯುವುದು

ಒಂದೇ ಹಾಳೆ ಸಾಕು. ಮೇಲೆ ನೀವು ಮೊದಲು ಬರೆದ ಪ್ರಶ್ನೆ. ಕೆಳಗೆ ದಿನಾಂಕ, ಗಂಟೆ, ಶೂ, ಕಾಲುಚೀಲ, ಪಾದ ಮತ್ತು ಮಂಡಿಯ ಮಾದರಿ, ಕೋಲು, ನೋವು. ಆಮೇಲೆ ಅಂಕಿಗಳು. ಕೊನೆಗೆ ನಡೆದವರ ಮಾತು, ಅವರ ಪದಗಳಲ್ಲೇ. "ಕಾಲು ನನ್ನ ಜೊತೆ ಬರ್ತಿದೆ ಅನ್ಸತ್ತೆ" ಅಂತ ಒಬ್ಬರು ಹೇಳಿದ್ದನ್ನು ಬರೆದಿಟ್ಟಿದ್ದೆ, ಅವತ್ತಿನ ವೇಗ ಮಾತ್ರ ಒಂದಿಷ್ಟೂ ಬದಲಾಗಿರಲಿಲ್ಲ. ಆಮೇಲೆ ನೋಡಿದರೆ ಹೆಚ್ಚಿದ್ದು ವಾರದ ಹೆಜ್ಜೆ ಎಣಿಕೆ. ವಿಡಿಯೊ ತೆಗೆಯಲು, ಇಟ್ಟುಕೊಳ್ಳಲು, ಬೇರೆಯವರಿಗೆ ತೋರಿಸಲು, ಮೂರಕ್ಕೂ ಬೇರೆ ಬೇರೆ ಒಪ್ಪಿಗೆ ತೆಗೆದುಕೊಳ್ಳಿ. ಮುಖ ಕಾಣದಂತೆ ಚೌಕಟ್ಟು ಇಟ್ಟರೂ ಕೃತಕ ಕಾಲಿನಿಂದಲೇ ಜನರನ್ನು ಗುರುತು ಹಿಡಿಯಬಹುದು.

ಹೊಸ ಪಾದ, ಹೊಸ ಮಂಡಿ ಹಾಕಿದ ದಿನವೇ ಅಳೆದು ತೀರ್ಪು ಕೊಡಬೇಡಿ. ಅವತ್ತು ಅಳೆಯಿರಿ, ಆದರೆ ಅದು ಶುರುವಿನ ಗುರುತು ಮಾತ್ರ. ದೇಹ ಹೊಸ ಕಾಲನ್ನು ಕಲಿಯಲು ವಾರಗಳು ಬೇಕು, ಕಂಪ್ಯೂಟರ್ ಚಿಪ್ ಇರುವ ಮಂಡಿಗೆ ಇನ್ನೂ ಜಾಸ್ತಿ. ಮುಂದಿನ ದಿನಾಂಕವನ್ನು ಅದೇ ಹಾಳೆಯ ಕೆಳಗೆ ಬರೆಯಿರಿ, ಅದರ ಪಕ್ಕದಲ್ಲಿ "ಇದೇ ಶೂ ಹಾಕಿಕೊಂಡು ಬನ್ನಿ" ಅಂತ ಸೇರಿಸಿ, ಆ ಹಾಳೆಯ ಫೋಟೊ ಅವರ ಫೋನಿಗೂ ಕಳಿಸಿಬಿಡಿ.